ಅವ್ವ ತೆಗೆದ ಕ್ರ್ಯಾಶ್ ಫೋಟೊ

ಗೆಳೆಯರೇ, ಒಂದು ವಾರದಿಂದ ನನ್ನ ಲಿನಕ್ಸ್ ಕಂಪ್ಯೂಟರ್ ದಿನಕ್ಕೊಮ್ಮೆ ಕ್ರ್ಯಾಶ್ ಆಗುತ್ತಿತ್ತು. ಆಗ ಅದನ್ನು ನಡೆಸುವ ಮೂಲ ಪ್ರೋಗ್ರಾಂ, ಅಂದರೆ ಕರ್ನಲ್, ತಾನು ಎಡವಿದ ಜಾಗವನ್ನು ಪರದೆಯ ಮೇಲೆ ಬರೆದು ನಿಂತುಬಿಡುತ್ತದೆ. ಸ್ವಿಚ್ ಆರಿಸಿದರೆ ಆ ಸುಳಿವೂ ಹೋಯಿತು. ಪ್ರತಿಸಲವೂ ನಾನು ನೋಡುವ ಮೊದಲೇ ಕರೆಂಟ್ ಹೋಗಿ ಅದು ಅಳಿಸಿರುತ್ತಿತ್ತು.

ಇವತ್ತು ನಾನು ಗದಗಿನಲ್ಲಿದ್ದಾಗ ಲಕ್ಷ್ಮೇಶ್ವರದಿಂದ ಅವ್ವ ಫೋನ್ ಮಾಡಿದಳು. ಮನೆಯ ಮುಂದಿನ ಹಿಟ್ಟಿನ ಗಿರಣಿ ನಡೆಸುವವಳು ಅವಳೇ.

"ನಿನ್ನ ಕಂಪ್ಯೂಟರ್‌ದಾಗ ಏನೇನೋ ಬಿಳಿ ಅಕ್ಷರ ಬಂದಿದ್ವಲೇ."

"ಯವ್ವಾ, ಮುಟ್ಟಬ್ಯಾಡ ಅದನ್ನ!"

"ಆಗಲೇ ಬಂದ್ ಮಾಡೀನಿ."

ಸುಳಿವು ಹೋಯಿತೆಂದು ನಾನು ಹಣೆ ಚಚ್ಚಿಕೊಂಡೆ.

"ಫೋಟೊ ಹೊಡ್ಕೊಂಡ ಬಂದ್ ಮಾಡೀನಪಾ. ಗಿರಣಿ ಕೆಟ್ಟಾಗ ಮೊದ್ಲ ಮೀಟರ್‌ದ ಫೋಟೊ ತಗೀತೀನಿ. ಇಲ್ಲಂದ್ರ ಮಿಸ್ತ್ರಿ ಬೈತಾನ."

ಫೋಟೊ ಬಂತು. ಅರ್ಧದಷ್ಟು ಅವಳ ಹೆಬ್ಬೆರಳೇ ಇತ್ತು. ಉಳಿದರ್ಧದಲ್ಲಿ ತಪ್ಪಿನ ಜಾಗ ಸ್ಪಷ್ಟವಾಗಿ ಕಾಣುತ್ತಿತ್ತು: ಹೋದ ವಾರ ನಾನೇ ಬರೆದು ಕರ್ನಲ್‌ಗೆ ಸೇರಿಸಿದ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ. ಮನೆಗೆ ಬಂದು ಎರಡು ಸಾಲು ತಿದ್ದಿದೆ. ಈಗ ಎಷ್ಟು ಕೆಲಸ ಹೇರಿದರೂ ಕಂಪ್ಯೂಟರ್ ಕ್ರ್ಯಾಶ್ ಆಗುತ್ತಿಲ್ಲ. ಜೀವ ಹಗುರಾಯಿತು.

"ಏನಾಗಿತ್ತಂತ?" ಅವ್ವ ಕೇಳಿದಳು.

"ಏನಿಲ್ಲ ಬೇ, ಕರೆಂಟ್ ಹೆಚ್ಚುಕಮ್ಮಿ ಆಗಿತ್ತು," ಅಂದೆ.

"ನಮ್ಮ ಮಿಸ್ತ್ರಿನೂ ಹಂಗ ಅಂತಾನ," ಅಂದಳು. "ತಾನ ಹಾಕಿದ ಬೆಲ್ಟ್ ಹರದಾಗ."