ಮೀಡಿಯಂ ವೇವ್‌ನ ಸರಳಾ ಟೀಚರ್

ಠಾಣೆ ನಗರದ ಪಕ್ಕ, ರಬಾಳೆಯ ಕಾರ್ಖಾನೆಗಳ ಹಿಂದೆ, ಖಾಡಿ ಎಂಬ ಕಡಲ ಹಿನ್ನೀರಿನ ಉಪ್ಪು ಕೆಸರಿನಲ್ಲಿ, ನಮ್ಮ ಭಾಗದ ಪುಟ್ಟ ಮೀಡಿಯಂ ವೇವ್ ರೇಡಿಯೋ ಕೇಂದ್ರವಿತ್ತು. ಮೀನುಗಾರರಿಗೆ ಹವಾಮಾನ, ಪಾಳಿ ಮುಗಿಸಿದವರಿಗೆ ಹಾಡು, ಭಾನುವಾರ ಬೆಳಿಗ್ಗೆ ಸ್ವಲ್ಪ ಹೊತ್ತು ಕನ್ನಡ ಪಾಠ. ಪಾಠ ಹೇಳುತ್ತಿದ್ದವರು ಠಾಕುರ್ಲಿಯ ಸರಳಾ.

ಅವರು ಮೈಸೂರಿನವರು. ಇಲ್ಲೇ ಹುಟ್ಟಿದ ಮಗ ಅಭಿ, "ಊಟ ಆಯ್ತೇನೋ?" ಎಂದರೆ ಹಿಂದಿಯಲ್ಲಿ "ಹೋ ಗಯಾ" ಎನ್ನುತ್ತಿದ್ದ. ಅಂಥ ಮಕ್ಕಳಿಗಾಗಿಯೇ ಪಾಠ ಶುರುವಾದದ್ದು. ಎಷ್ಟೋ ವರ್ಷ, ಮಳೆಗಾಲದಲ್ಲೂ, ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿಕೊಂಡು ಸರಳಾ ತಪ್ಪದೆ ಹೋದರು.

ಆಮೇಲೆ ಎಫ್‌ಎಂ ಬಂತು, ಮೊಬೈಲ್ ಬಂತು. ಹಳೆಯ ಟ್ರಾನ್ಸ್‌ಮಿಟರ್‌ಗೆ ಬಿಡಿಭಾಗ ಸಿಗದಾಯಿತು. ಕೇಂದ್ರ ಮುಚ್ಚಲು ಆದೇಶ ಬಂದಾಗ ಅಲ್ಲಿನ ಅಧಿಕಾರಿ ಹೃಷಿಕೇಶ್ ಸಮಾಧಾನ ಹೇಳಿದರು: "ಬೇಜಾರು ಮಾಡ್ಕೋಬೇಡಿ ಮೇಡಂ. ಈಗ ಇದನ್ನ ಯಾರೂ ಕೇಳಲ್ಲ."

ಆದರೆ ಕೊನೆಯ ಪಾಠ ಮುಗಿಯುವಾಗ ಸರಳಾ, ಯಾರನ್ನೂ ಕೇಳದೆ, ಮೈಕಿನಲ್ಲಿ ಹೇಳಿಬಿಟ್ಟರು: "ನನ್ನ ಪಾಠ ಕೇಳಿದವರು ಯಾರಾದರೂ ಇದ್ದರೆ ಮುಂದಿನ ಭಾನುವಾರ ಕೇಂದ್ರದ ಗೇಟಿಗೆ ಬನ್ನಿ. ನಿಮ್ಮನ್ನೊಮ್ಮೆ ನೋಡಬೇಕು."

ಆ ಭಾನುವಾರ ಗೇಟಿನ ಮುಂದೆ ಜನ ಗುಂಪುಗೂಡಿದ್ದರು. ಸರಳಾ ಮಕ್ಕಳನ್ನು ಹುಡುಕಿದರು. ಒಂದು ಮಗುವೂ ಇರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಕನ್ನಡಿಗರೂ ಅಲ್ಲ.

ಕಲ್ಯಾಣದ ರಿಕ್ಷಾ ಚಾಲಕ ಜಯೇಶ್ ಮುಂದೆ ಬಂದ. "ಇಬ್ಬರು ಆಂಟಿ ದಿನಾ ನನ್ನ ರಿಕ್ಷಾದಲ್ಲಿ ಕೂತು ಕನ್ನಡದಲ್ಲಿ ನನಗೇ ಬೈತಿದ್ರು, ಟೀಚರ್. ಏನಂತಾರೆ ಅಂತ ತಿಳೀಬೇಕಿತ್ತು."

"ತಿಳೀತಾ?"

"ಹೌದು. ನಾನು ಗುಂಡಿ ಹುಡುಕಿ ಹುಡುಕಿ ಓಡಿಸ್ತೀನಂತೆ!"

ಬದಲಾಪುರದ ಮರಾಠಿ ಹುಡುಗಿ ನಿಶಾ, ವಿಜಯಪುರದ ತನ್ನ ಅತ್ತೆ ಗಂಗವ್ವನ ಕೈಹಿಡಿದು ಬಂದಿದ್ದಳು. ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವರೊಡನೆ ಮಾತಾಡಲೆಂದೇ ನಿಶಾ ರೇಡಿಯೋ ಕೇಳಿ ಕಲಿತಿದ್ದಳು. ಗಂಗವ್ವನದು ಮಾತ್ರ ಒಂದು ತಕರಾರು:

"ಎಲ್ಲಾ ಚಲೋ ಕಲಿಸೀರಿ ಬಾಯಾರ. ಖರೆ, ಈಕಿ ಬರೇ ನಿಮ್ಮ ಮೈಸೂರು ಮಾತೇ ಆಡ್ತಾಳ. ನಮ್ಮ ಮಾತ್ ಯಾವಾಗ ಕಲಿಸ್ತೀರಿ?"

ಸರಳಾ ನಗುತ್ತಲೇ ಕಣ್ಣೊರೆಸಿಕೊಂಡರು. "ಅದು ನನಗೆ ಬರಲ್ಲಮ್ಮ. ನೀವೇ ಬಂದು ಕಲಿಸಿ."

ಪ್ರಸಾರದ ಕಂಬ ಇಳಿಸಿ ಕೇಂದ್ರಕ್ಕೆ ಬೀಗ ಹಾಕಿದರು. ಪಾಠ ಠಾಕುರ್ಲಿಯ ಸರಳಾ ಮನೆಗೆ ಬಂತು, ಮನೆ ಸಾಲದೆ ಅಪಾರ್ಟ್‌ಮೆಂಟಿನ ಸೊಸೈಟಿ ಹಾಲ್‌ಗೆ ಹೋಯಿತು. ಈಗ ಒಂದು ವಾರ ಸರಳಾ, ಇನ್ನೊಂದು ವಾರ ಗಂಗವ್ವ. ಗಂಗವ್ವನ ತರಗತಿಯಲ್ಲಿ ಬರಹ ಕಡಿಮೆ, ನಗು ಜಾಸ್ತಿ. ಮೊದಲ ಸಾಲಿನಲ್ಲಿ ಕೂತು "ಹೋಗೂಣು, ಬರೂಣು" ಎಂದು ಕಲಿಯುವವರಲ್ಲಿ ಸರಳಾ ಕೂಡ ಒಬ್ಬರು.