ಎರಡು ಹುಂಕಾರಕ್ಕೆ ಒಂದು ಪೆಟ್ಟು

ಕಳೆದ ಶುಕ್ರವಾರ ನಮ್ಮ ಅಳಿಯಂದಿರು ಮೊಮ್ಮಗಳ, ತಾನೇ ತಾಳ ಹಾಕುವ ಡ್ರಮ್ ಯಂತ್ರವನ್ನು ಹೊತ್ತುಕೊಂಡು ಹೋಗಿ ಗರಾಜಿನಲ್ಲಿ ಕಸದ ಡಬ್ಬಿಯ ಪಕ್ಕ ಇಟ್ಟರು. ಅಲ್ಲಿಗೆ ಹೋದದ್ದು ಈ ಮನೆಗೆ ಮರಳಿ ಬಂದದ್ದಿಲ್ಲ. (ನಾನು ಹೊದೆಯುವ ಕೌದಿ ಹೋದದ್ದೂ ಅದೇ ದಾರಿಯಲ್ಲಿ.)

ಮೊಮ್ಮಗಳು ಅನುಗೆ ಹದಿನಾರು. ಹುಟ್ಟಿದ್ದು ಇಲ್ಲೇ, ಸ್ಯಾನ್ ಡಿಯಾಗೊದಲ್ಲಿ. ಮರುದಿನ ಲಾಂಗ್ ಬೀಚ್‌ನಲ್ಲಿ ಕನ್ನಡದವರ ಕಾರ್ಯಕ್ರಮ. ಎಂಟು ಹುಡುಗಿಯರ ಕೋಲಾಟಕ್ಕೆ ಇವಳದೇ ಸಂಗೀತ. ಸ್ಟೇಜಿನ ಮೇಲೆ ನಿಂತು ತಾನೇ ನುಡಿಸಬೇಕೆಂದು ಮೂರು ತಿಂಗಳಿಂದ ಹಟ. ಆದರೆ ಕಾರ್ಯಕ್ರಮ ನೋಡಿಕೊಳ್ಳುವ ವಾಲ್‌ನಟ್ ಊರಿನ ಆಂಟಿ ಕಡ್ಡಿ ಮುರಿದಂತೆ ಹೇಳಿದ್ದರು. "ಶುಕ್ರವಾರ ಐದು ಗಂಟೆಗೆ ಫೋನಲ್ಲಿ ಕೇಳಿಸಮ್ಮ. ಸರಿ ಬರ್ಲಿಲ್ಲ ಅಂದ್ರೆ ಸಿಡಿ ಹಾಕ್ತೀವಿ. ನೀನು ಕೆಳಗೆ ಕೂತು ನೋಡು."

ಅನುವಿನ ಹತ್ತಿರ ನುಡಿಸುವ ಹೊಸ ಕೀಬೋರ್ಡ್ ಇದೆ. ಡ್ರಮ್ ಯಂತ್ರ ಮಾತ್ರ ಅವಳ ಅಮ್ಮನ ಮದುವೆಗಿಂತ ಹಳೆಯದು. ನಾರ್ತ್‌ರಿಜ್‌ನಲ್ಲಿ ಅಪಾರ್ಟ್‌ಮೆಂಟ್ ಖಾಲಿ ಮಾಡುತ್ತಿದ್ದ ಓದುವ ಹುಡುಗಿಯೊಬ್ಬಳು ಕೊಟ್ಟದ್ದು. ಎರಡಕ್ಕೂ ಮಾತುಕತೆ ಇಲ್ಲ. ಹೊಸದು ಆಡುವುದು ಈಗಿನ ವಾದ್ಯಗಳ ಮಿಡಿ ಎಂಬ ಭಾಷೆ. ಹಳೆಯದು ಆ ಭಾಷೆಗಿಂತ ಮೊದಲೇ ಹುಟ್ಟಿದ್ದು. ಅದಕ್ಕೆ ನಡುವೆ ಅಂಗೈಯಗಲದ ಒಂದು ಡಬ್ಬಿ.

"ಇದೇನ ಮಾಡತೈತಿ?" ಎಂದು ಕೇಳಿದ್ದೆ.

"ಇಟ್ ಟ್ರಾನ್ಸ್‌ಲೇಟ್ಸ್, ಅಜ್ಜಿ. ಕೀಬೋರ್ಡ್ ಸೇಸ್ ನೌ, ನೌ, ನೌ. ಬಾಕ್ಸ್ ಟೆಲ್ಸ್ ದ ಡ್ರಮ್."

"ಹಾಡು ಕಳಸಂಗಿಲ್ಲೇನು?"

"ನೋ ಸಾಂಗ್. ಜಸ್ಟ್ ನೌ."

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಲಿತದ್ದು ಒರಳಿನ ಮುಂದೆ. ಮೂವರು ಹೆಂಗಸರು, ಒಂದೇ ಒರಳು, ಮೂರು ಒನಕೆ, ಒಣಮೆಣಸಿನಕಾಯಿ. ಹುಂ, ಹುಂ, ಹುಂ. ಆ ಹುಂಕಾರದಲ್ಲಿ ಹಾಡಿಲ್ಲ, ಮಾತಿಲ್ಲ. ಈಗ ಬೀಳು ಎನ್ನುವುದಷ್ಟೇ. ತಪ್ಪಿದರೆ ಒನಕೆಗೆ ಒನಕೆ ಬಡಿದು ಭುಜದ ತನಕ ಜೋಮು. ಅದೇ ಹುಂಕಾರ ಇಲ್ಲಿ ಉಸಿರಿಲ್ಲದೆ, ಎದೆಯಿಲ್ಲದೆ, ಒಂದು ತಂತಿಯೊಳಗೆ ಓಡುತ್ತಿದೆ. ಯಾರಿಗೆ ಹೊಳೆದಿರಬೇಕು ಇದು?

ಆದರೆ ಶುಕ್ರವಾರ ಡ್ರಮ್ ಹಿಂದೆ ಬಿತ್ತು. ಕೀಬೋರ್ಡ್ ಕುಣಿಯುತ್ತಿದ್ದರೆ ಇದು ಹೆಣದ ಹಿಂದೆ ಹೊರಟಂತೆ ನಡೆಯುತ್ತಿತ್ತು.

ಅಳಿಯಂದಿರು ಟೆಲಿಕಾಂ ಎಂಜಿನಿಯರ್. ಒಂದು ಫೋನನ್ನು ಇನ್ನೊಂದರ ಜೊತೆ ಮಾತಾಡಿಸುವುದೇ ಅವರ ಕೆಲಸ. ಮೂರು ಸಲ ಕೇಬಲ್ ಬದಲಾಯಿಸಿದರು. "ಡೆಡ್ ಆಗಿದೆ ಅತ್ತೆ. ಎಷ್ಟು ಹಳೇದು ನೋಡಿ. ಸಿಡಿನೇ ಬರ್ನ್ ಮಾಡ್ಕೊಡ್ತೀನಿ ಅವಳಿಗೆ." ಎತ್ತಿಕೊಂಡು ನಡೆದರು.

ಆಗ ನಾಲ್ಕು ಗಂಟೆ. ಅನು ಅಳಲಿಲ್ಲ. ಸುಮ್ಮನೆ ವೈರು ಸುತ್ತತೊಡಗಿದಳು. ಅತ್ತಿದ್ದರೆ ನಾನು ಎದ್ದು ಚಹಾ ಕಾಸುತ್ತಿದ್ದೆ. ವೈರು ಸುತ್ತಿದ್ದು ನೋಡಲಾಗಲಿಲ್ಲ. ಗರಾಜಿಗೆ ಹೋಗಿ ಯಂತ್ರವನ್ನು ಮರಳಿ ತಂದೆ.

"ಹಚ್ಚು ಇನ್ನೊಮ್ಮೆ."

"ಅಜ್ಜಿ, ಇಟ್ಸ್ ಬ್ರೋಕನ್."

"ಹಚ್ಚು ಅಂದೆ."

ಮೊಳಕಾಲ ಮೇಲೆ ಕೈ ಬಡಿಯುತ್ತ ಎಣಿಸಿದೆ. ಕೀಬೋರ್ಡಿನದು ಎಂಟು ಪೆಟ್ಟು, ಡ್ರಮ್ಮಿನದು ನಾಲ್ಕು. ಹೊಸದನ್ನು ನಿಧಾನ ಮಾಡಿಸಿದೆ. ಹಳೆಯದೂ ನಿಧಾನವಾಯಿತು. ಮತ್ತೆ ಎಂಟಕ್ಕೆ ನಾಲ್ಕು. ಮೂರಲ್ಲ, ಐದಲ್ಲ. ಕೆಟ್ಟುಹೋದದ್ದು ಹೇಗೆ ಬೇಕಾದರೂ ತಪ್ಪುತ್ತದೆ. ಇಷ್ಟು ನೇಮದಿಂದ ತಪ್ಪುವುದು ಕೆಟ್ಟದ್ದು ಹೇಗಾದೀತು?

"ಇದಕ್ಕ ಕಿವಿ ಕೇಳತೈತಿ. ಎರಡು ಹುಂ ಅಂದ್ರ ಒಂದ ಪೆಟ್ಟು ಹಾಕಾಕತ್ತೈತಿ. ಇದಕ್ಕ ದುಪ್ಪಟ್ಟು ಹುಂ ಬೇಕು, ನಿನ್ನ ಡಬ್ಬಿ ಅರ್ಧ ಕೊಡಾಕತ್ತೈತಿ."

ಅನು ನನ್ನ ಮುಖ ನೋಡಿದಳು. ಡಬ್ಬಿಯನ್ನು ಬೋರಲು ಹಾಕಿದಳು. ಕೆಳಗೆ ಜೀರಿಗೆಯಷ್ಟು ಸಣ್ಣ ಗುಂಡಿ. ಒಂದು ಕಡೆ 24, ಇನ್ನೊಂದು ಕಡೆ 48. ಒಂದು ಪೆಟ್ಟಿಗೆ ಎಷ್ಟು ಹುಂಕಾರ ಎಂಬ ಲೆಕ್ಕವಂತೆ ಅದು. ಹಳೆಯ ಕಾಲದಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕವಂತೆ. ಯಾವಾಗಲೋ ಕೈ ತಾಗಿ 24ರ ಕಡೆ ಸರಿದಿದ್ದ ಗುಂಡಿಯನ್ನು ಉಗುರಿನಿಂದ 48ಕ್ಕೆ ಸರಿಸಿದಳು.

ಎರಡೂ ಒಟ್ಟಿಗೆ ಬಿದ್ದವು. ಕೂದಲೆಳೆಯ ಸಂದೂ ಇಲ್ಲ. ಇಪ್ಪತ್ತೈದು ವರ್ಷದ ಮುದುಕಿ ನಿನ್ನೆ ಹುಟ್ಟಿದ್ದರ ಜೊತೆ ಹೆಜ್ಜೆ ಹಾಕುತ್ತಿತ್ತು. ಮೂವರು ಹೆಂಗಸರು ವರ್ಷಗಟ್ಟಲೆ ಕುಟ್ಟಿದರೂ ನಮಗೆ ಅಷ್ಟು ಕೂಡಿ ಬಂದದ್ದಿಲ್ಲ. ನನ್ನ ಕೈ ಮೊಳಕಾಲ ಮೇಲೆಯೇ ನಿಂತುಬಿಟ್ಟಿತು.

ಬಾಗಿಲಲ್ಲಿ ಅಳಿಯಂದಿರು. "ನಾನು ಬರೀ ಕೇಬಲ್ ನೋಡ್ತಾ ಇದ್ದೆ, ಅತ್ತೆ."

"ನೀವು ನೋಡಿದ್ರಿ. ನಾ ಎಣಿಸಿದೆ."

ಐದಕ್ಕೆ ಫೋನು ಬಂತು. ಆಂಟಿ ಪೂರ್ತಿ ಕೇಳಿದರು. "ಇದು ಸಿಡಿ ಅಲ್ಲ ತಾನೆ?" ಎಂದರು. ಅಲ್ಲ ಎಂದ ಮೇಲೆ, "ಸರಿ, ಸ್ಟೇಜ್ ಹತ್ರ ಪ್ಲಗ್ ಪಾಯಿಂಟ್ ಇಡಿಸ್ತೀನಿ" ಎಂದರು.

ನಿಧಾನಕ್ಕೆ ನಡೆಯುವುದನ್ನೆಲ್ಲ ಕೆಟ್ಟಿದೆ ಎಂದು ಕಸದ ಡಬ್ಬಿಯ ಪಕ್ಕ ಇಡುತ್ತೀರಲ್ಲ, ಇಡುವ ಮೊದಲು ಎಂಟರ ತನಕ ಎಣಿಸಲು ಏನು ಧಾಡಿ?