ಅಕ್ಕನ ಸಮಾಧಿಗೆ ಒರತೆ ನೀರು

ಸಾಯುವ ಹಿಂದಿನ ದಿನ ಅಕ್ಕ ಕುರಿಗಳಿಗೆ ಸೊಪ್ಪು ಹಾಕಿ, ಅಂಗಳ ಗುಡಿಸಿ, ನನಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿದ್ದಳು. ಬೇರೇನೂ ಹೇಳಲಿಲ್ಲ.

ಇಂದು ಮೂರನೇ ದಿನ. ಸಮಾಧಿಗೆ ಹಾಲು ತುಪ್ಪ ಬಿಡುವ ಮೊದಲು ಹೊಳೆಯ ಮರಳಿನಲ್ಲಿ ಕೈಯಿಂದ ಒರತೆ ತೋಡಿ, ಅದರಲ್ಲಿ ಒಸರುವ ನೀರನ್ನು ತಂದು ಚಿಮುಕಿಸುವುದು ನಮ್ಮ ಮನೆಯ ಪದ್ಧತಿ. ಬೆಳಿಗ್ಗೆ ಮತ್ತೋಡಿನಿಂದ ಅಕ್ಕನ ಗಂಡ, ನನ್ನ ಭಾವ, ಬೈಕಿನಲ್ಲಿ ನನ್ನನ್ನು ವೇದಾವತಿ ಹೊಳೆಗೆ ಕರೆತಂದರು.

ಹೊಳೆಯ ತುಂಬ ಜಾಲಿ ಬೆಳೆದಿದೆ. ನಡುನಡುವೆ ಮರಳು ತೆಗೆದ ಹಳ್ಳಗಳು. ಭಾವ ಮೂರು ಕಡೆ ತೋಡಿದರು. ಮೂರೂ ಕಡೆ ಒಣಗಿದ ಜೇಡಿಮಣ್ಣು.

ದಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಭಾವನನ್ನು ನೋಡಿ ಕೂಗಿದ. "ಏನಪ್ಪ, ಟ್ರ್ಯಾಕ್ಟರ್‌ನಾಗೆ ಹೊಳೀನೇ ಹೊತ್ಕಂಡು ಹೋದೋನು, ಈಗ ಏನು ಹುಡುಕ್ತೀಯ?"

"ನಾನೊಬ್ನೇ ಹೊತ್ನಾ? ನಿನ್ನ ಮಗನ ಮನೆ ಕಟ್ಟಿದ್ದು ಯಾವ ಮರಳಾಗೆ, ಹೇಳಜ್ಜ?"

"ಇದೇ ಮರಳಾಗೆ ಕಣಪ್ಪ. ಅದಕ್ಕೇ ಈಗ ಕುರೀಗೆ ಬೋರ್‌ವೆಲ್ ನೀರು ಕುಡಿಸ್ತಾ ಇದೀನಿ."

ಭಾವ ನನ್ನ ಕಡೆ ತಿರುಗಿದರು. "ಒಂದು ಕ್ಯಾನ್ ನೀರು ತಗಂಡು ಹೋಗಾಣ ಬಾ. ಯಾರಿಗೆ ಗೊತ್ತಾಗ್ತತೆ?"

ಭಾವ ಟ್ರ್ಯಾಕ್ಟರ್‌ಗೆ ಮರಳು ತುಂಬುತ್ತಿದ್ದ ದಿನಗಳಲ್ಲಿ ಇದೇ ದಡಕ್ಕೆ ಅವರಿಗೆ ಬುತ್ತಿ ತಂದವಳು ಅಕ್ಕ. ಬೈಯಬೇಕೆಂದುಕೊಂಡೆ. ಆದರೆ ನನ್ನ ಮನೆಗೂ ಮರಳು ತಂದುಕೊಟ್ಟವರು ಅವರೇ.

"ಅಕ್ಕಂಗೆ ಗೊತ್ತಾಗ್ತತೆ," ಎಂದಷ್ಟೇ ಹೇಳಿದೆ.

ಭಾವ ಇನ್ನೊಂದು ಕಡೆ ತೋಡಲು ಕುಳಿತಿದ್ದಾರೆ. ಊರಿನಲ್ಲಿ ನೆಂಟರು ಕಾಯುತ್ತಿದ್ದಾರೆ. ಹಾಲಿದೆ, ತುಪ್ಪವಿದೆ. ನೀರು ಇನ್ನೂ ಸಿಕ್ಕಿಲ್ಲ.